ಹಕ್ಕಿಯ ದಿಕ್ಕಿಗೆ ಸರಾಸರಿ ತೆಗೆಯುವ ಲೆಕ್ಕ

ಒಂದು ಹಕ್ಕಿ 350 ಡಿಗ್ರಿಯತ್ತ ಹಾರಿತು, ಇನ್ನೊಂದು 10 ಡಿಗ್ರಿಯತ್ತ. ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡು ಪ್ರದಕ್ಷಿಣೆಯಾಗಿ ಎಣಿಸಿದರೆ ಎರಡೂ ಹೊರಟಿರುವುದು ಹೆಚ್ಚುಕಡಿಮೆ ಉತ್ತರಕ್ಕೇ. ಆದರೆ ಶಾಲೆಯಲ್ಲಿ ಕಲಿತಂತೆ ಕೂಡಿಸಿ ಎರಡರಿಂದ ಭಾಗಿಸಿ ನೋಡಿ: 180 ಬರುತ್ತದೆ. ಅದು ನೇರ ದಕ್ಷಿಣ! 359ರ ಪಕ್ಕದಲ್ಲೇ ಸೊನ್ನೆ ಕೂತಿರುವ ವೃತ್ತದಲ್ಲಿ ಮಾಮೂಲಿ ಸರಾಸರಿ ನಡೆಯುವುದಿಲ್ಲ.

ವಲಸೆ ಹಕ್ಕಿಗಳ ದಿಕ್ಕು ಅಳೆಯಲು ಅಮೆರಿಕದ ಜಾನ್ ಎಮ್ಲೆನ್ ಮತ್ತು ಅವರ ಮಗ ಸ್ಟೀಫನ್ 1966ರಲ್ಲಿ ಬಹಳ ಸರಳವಾದ ಸಾಧನವೊಂದನ್ನು ಪ್ರಕಟಿಸಿದರು. ಅಗಲ ಬಾಯಿಯ ಆಲಿಕೆ. ಒಳಗೋಡೆಗೆ ಬಿಳಿ ಒತ್ತುಕಾಗದ, ತಳದಲ್ಲಿ ಶಾಯಿಯ ಪ್ಯಾಡು, ಮೇಲೆ ಆಕಾಶ ಕಾಣುವಂತೆ ಬಲೆ. ವಲಸೆಯ ಕಾಲ ಬಂದರೆ ಪಂಜರದ ಹಕ್ಕಿಯೂ ರಾತ್ರಿ ಸುಮ್ಮನಿರುವುದಿಲ್ಲ. ಹೋಗಬೇಕೆನಿಸಿದ ಕಡೆಗೆ ನೆಗೆಯುತ್ತದೆ, ಜಾರಿ ಕೆಳಗಿಳಿಯುತ್ತದೆ, ಮತ್ತೆ ನೆಗೆಯುತ್ತದೆ. ಬೆಳಗಾಗುವಾಗ ಕಾಗದದ ಒಂದು ಬದಿ ಹೆಜ್ಜೆಗುರುತುಗಳಿಂದ ಕಪ್ಪಾಗಿರುತ್ತದೆ.

ಈ ಗುರುತುಗಳಿಂದ ದಿಕ್ಕು ತೆಗೆಯುವ ದಾರಿ ಹೀಗಿದೆ. ಪ್ರತಿ ದಿಕ್ಕಿಗೂ ಒಂದೇ ಉದ್ದದ ಬಾಣ ಬರೆದು, ಒಂದರ ತುದಿಗೆ ಇನ್ನೊಂದರ ಬುಡವನ್ನು ಜೋಡಿಸುತ್ತ ಹೋಗಬೇಕು. ಮೊದಲ ಬುಡದಿಂದ ಕೊನೆಯ ತುದಿಗೆ ಎಳೆದ ಗೆರೆಯೇ ಸರಾಸರಿ ದಿಕ್ಕು. ಆ ಗೆರೆಯ ಉದ್ದವನ್ನು ಬಾಣಗಳ ಒಟ್ಟು ಉದ್ದದಿಂದ ಭಾಗಿಸಿದರೆ ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆ ಸಿಗುತ್ತದೆ. ಎಲ್ಲವೂ ಒಂದೇ ಕಡೆ ತಿರುಗಿದ್ದರೆ 1. ದಿಕ್ಕಾಪಾಲಾಗಿದ್ದರೆ ಸೊನ್ನೆಯ ಹತ್ತಿರ. ನನ್ನ ಮಟ್ಟಿಗೆ ಈ ಉದ್ದ ದಿಕ್ಕಿಗಿಂತಲೂ ಮುಖ್ಯ, ಏಕೆಂದರೆ ಎಷ್ಟೇ ಚದುರಿದ ಬಾಣಗಳಿಗೂ ಒಂದು ಸರಾಸರಿ ದಿಕ್ಕು ಸಿಕ್ಕೇಬಿಡುತ್ತದೆ.

ಆ ಉದ್ದ ಆಕಸ್ಮಿಕವೋ ಅಲ್ಲವೋ ಎಂದು ಹೇಳುವುದು ರೇಲಿ ಪರೀಕ್ಷೆ. ಅದರ ಬೇರು ಭೌತವಿಜ್ಞಾನಿ ಲಾರ್ಡ್ ರೇಲಿ 1880ರಲ್ಲಿ ಕಂಪನಗಳ ಬಗ್ಗೆ ಮಾಡಿದ ಲೆಕ್ಕದಲ್ಲಿದೆ. ಬರೀ ಆಕಸ್ಮಿಕವಾಗಿ ಅಂಥ ಉದ್ದ ಬರುವ ಸಾಧ್ಯತೆ ಶೇ. 5ನ್ನು ಮೀರಬಾರದು ಎಂದಾದರೆ ಹತ್ತು ಹಕ್ಕಿಗಳಿಗೆ ಸುಮಾರು 0.54 ಉದ್ದ ಬೇಕು, ನಲವತ್ತಕ್ಕೆ 0.27 ಸಾಕು. ಇಲ್ಲೇ ಎಡವುವ ಅಪಾಯವಿರುವುದು. ಒಂದೇ ಹಕ್ಕಿಯ ನೂರು ನೆಗೆತಗಳನ್ನು ನೂರು ಹಕ್ಕಿಗಳಂತೆ ಎಣಿಸಿದರೆ ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ, ಫಲಿತಾಂಶಕ್ಕೆ ಬೆಲೆ ಇರುವುದಿಲ್ಲ. ಒಂದು ಹಕ್ಕಿಗೆ, ಅದರ ನೆಗೆತಗಳ ಸರಾಸರಿ ದಿಕ್ಕಿನ ಒಂದೇ ಬಾಣ. ಇದರಲ್ಲಿ ರಿಯಾಯಿತಿ ಕೂಡದು.

ದನಗಳ ವಿಷಯ ಇನ್ನೂ ತೊಡಕಿನದು. ಮೇಯುವ ದನಗಳು ಉತ್ತರ–ದಕ್ಷಿಣವಾಗಿ ನಿಲ್ಲುತ್ತವೆ ಎಂದು 2008ರಲ್ಲಿ ಜರ್ಮನಿ ಮತ್ತು ಜೆಕ್ ಸಂಶೋಧಕರು ಗೂಗಲ್ ಅರ್ಥ್ ಚಿತ್ರಗಳನ್ನು ನೋಡಿ ಹೇಳಿದರು. 308 ಹುಲ್ಲುಗಾವಲು, 8,510 ದನ. ಉಪಗ್ರಹ ಚಿತ್ರದಲ್ಲಿ ತಲೆ ಯಾವುದು, ಬಾಲ ಯಾವುದು ಎಂದು ಎಷ್ಟೋ ಸಲ ತಿಳಿಯುವುದಿಲ್ಲ. ಉತ್ತರ, ದಕ್ಷಿಣ ಎರಡನ್ನೂ ಬಾಣವಾಗಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೆ ಕೋನಗಳನ್ನು ದುಪ್ಪಟ್ಟು ಮಾಡುತ್ತಾರೆ: 0 ಸೊನ್ನೆಯಾಗಿಯೇ ಉಳಿಯುತ್ತದೆ, 180 ಆಗುವುದು 360, ಅದೂ ಸೊನ್ನೆಯೇ. ಸರಾಸರಿ ತೆಗೆದ ಮೇಲೆ ಅರ್ಧ ಮಾಡಿದರಾಯಿತು. ಒಂದು ಹಿಂಡಿನ ದನಗಳು ಪರಸ್ಪರ ನೋಡಿಕೊಂಡು ನಿಲ್ಲುವುದರಿಂದ ಇಲ್ಲಿ ಬಾಣ ಹಿಂಡಿಗೊಂದು. ಇಷ್ಟಾದರೂ 2011ರಲ್ಲಿ ಇನ್ನೊಂದು ಜೆಕ್ ತಂಡ ಬೇರೆ ಚಿತ್ರಗಳನ್ನು ಎಣಿಸಿ, ಅಂಥ ಒಲವು ಕಾಣಲಿಲ್ಲ ಎಂದಿತು. ಮೊದಲಿನವರು ಆ ಚಿತ್ರಗಳಲ್ಲಿ ಹಲವು ಅಳತೆಗೆ ಯೋಗ್ಯವಲ್ಲ ಎಂದು ಉತ್ತರಿಸಿದರು.