ದೊಡ್ಡಪ್ಪನ ಫೈಲು ಮತ್ತು ಪೌಂಡಿನ ಗುರುತು

ಪಕ್ಕದ ಮನೆಯ ಅಣ್ಣ ಅಡಿಕೆ ಕೃಷಿಕರು. 2025ರ ಅಕ್ಟೋಬರಿನಲ್ಲಿ ಒಂದು ಸಂಜೆ ಲ್ಯಾಪ್‌ಟಾಪನ್ನು ಬೈರಾಸಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಆಗ ಸಂಜೆಯಾದರೆ ಗುಡುಗು, ಮಳೆ.

"ಮಾಷ್ಟ್ರೇ, ಇದು ಇನ್ನು ಗುಜರಿಗೆಯಾ?"

ತೆರೆಯ ಮೇಲೆ ಒಂದು ಸೂಚನೆ ಇತ್ತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ. ವಿಂಡೋಸ್ 11 ಹಾಕಲು ಈ ಯಂತ್ರಕ್ಕೆ ಅರ್ಹತೆ ಇಲ್ಲ. ಅವರು ಅದನ್ನು ಕೊಂಡದ್ದು 2016ರಲ್ಲಿ. ನನ್ನದೂ ಅದೇ ವರ್ಷದ್ದು. "ಗುಜರಿಗೆ ಬೇಡ ಅಣ್ಣ. ಮೊದಲು ನನ್ನದಕ್ಕೆ ಹೊಸ ಸಿಸ್ಟಂ ಹಾಕಿ ನೋಡುತ್ತೇನೆ. ಆಮೇಲೆ ನಿಮ್ಮದಕ್ಕೆ ಮಾಡುವ" ಅಂದೆ.

ಬೆಂಬಲ ಮುಗಿಯುವುದು ಅಂದರೆ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದುಕೊಳ್ಳುವುದಿಲ್ಲ ಅಂತ ಅಲ್ಲ. ಎಲ್ಲವೂ ಹಾಗೇ ಓಡುತ್ತದೆ. ಆದರೆ ಆಪರೇಟಿಂಗ್ ಸಿಸ್ಟಂ ಎಂಬುದು ಕೋಟಿಗಟ್ಟಲೆ ಸಾಲುಗಳ ಬರಹ. ಅದರಲ್ಲಿ ತೂತುಗಳು ಇದ್ದೇ ಇರುತ್ತವೆ. ಸಿಕ್ಕ ತೂತನ್ನು ಮುಚ್ಚುವ ತೇಪೆ ಇನ್ನು ಬರುವುದಿಲ್ಲ, ಅಷ್ಟೇ. ಅದು ಎಷ್ಟು ದೊಡ್ಡ ವಿಷಯ ಎಂದು 2017ರ ಮೇ 12ರಂದು ಜಗತ್ತು ಕಂಡಿತು. ವಾನಾಕ್ರೈ ಎಂಬ ಕೀಟ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಅದು ನುಗ್ಗಿದ ತೂತಿಗೆ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ಕ್ಕೆ, ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತೇಪೆಯೇ ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಸದ್ಯಕ್ಕೆ ಏನೂ ಮಾಡಲಾಗದವರು ಹೆಸರು ನೋಂದಾಯಿಸಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ.

ಹಳೆಯ ಯಂತ್ರವನ್ನು ವಿಂಡೋಸ್ 11 ಬೇಡ ಅನ್ನುವುದು ಏಕೆ? ಅದು ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅದು ನಮ್ಮಲ್ಲೂ ಉಂಟು. ತಡೆ ಇರುವುದು ಬೇರೆ ಕಡೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಆ ತಲೆಮಾರು ಬಂದದ್ದು 2017ರಲ್ಲಿ. ಟಿಪಿಎಂ ಒಂದು ಪುಟ್ಟ ತಿಜೋರಿ. ಯಂತ್ರ ಆನ್ ಆಗುವಾಗ ಒಂದೊಂದು ಹಂತದ ತಂತ್ರಾಂಶದ ಬೆರಳಚ್ಚು ತೆಗೆದು ಇಟ್ಟುಕೊಳ್ಳುತ್ತದೆ. ಯಾವುದಾದರೂ ಹಂತವನ್ನು ಯಾರೋ ತಿದ್ದಿದ್ದರೆ ಬೆರಳಚ್ಚು ಬೇರೆ ಬರುತ್ತದೆ, ತಿಜೋರಿ ಕೀಲಿ ಕೊಡುವುದಿಲ್ಲ. ಒಳ್ಳೆಯ ಏರ್ಪಾಡೇ. ಆದರೆ ಗಟ್ಟಿಮುಟ್ಟಾದ ಯಂತ್ರಗಳು ಅದೊಂದರಿಂದ ಮೂಲೆ ಸೇರುವುದು ನನಗೆ ಸರಿ ಕಾಣುವುದಿಲ್ಲ.

ನಾನು ವಿಂಡೋಸಿನ ಬದಲು ಉಬುಂಟು 24.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕುವುದೆಂದು ತೀರ್ಮಾನಿಸಿದೆ. 2024ರ ಏಪ್ರಿಲಿನಲ್ಲಿ ಬಂದದ್ದು, ಐದು ವರ್ಷ ತೇಪೆ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕಾಸರಗೋಡಿನವರಿಗೆ ಇದು ಹೊಸತೂ ಅಲ್ಲ. ಕೇರಳದ ಶಾಲೆಗಳಿಗಾಗಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಅದು ನಮ್ಮ ಶಾಲೆಗಳಿಗೆ ಕೊಡುವುದೂ ಉಬುಂಟು ಆಧರಿಸಿದ ಗ್ನು/ಲಿನಕ್ಸನ್ನೇ. ಕನ್ನಡ ಮಾಧ್ಯಮದ ಮಕ್ಕಳ ಕೈ ಅದರಲ್ಲಿ ಚೆನ್ನಾಗಿ ಪಳಗಿದೆ. ಅವರ ಅಪ್ಪ ಅಮ್ಮಂದಿರಿಗೆ ಮಾತ್ರ ಹೆದರಿಕೆ.

ಹೆದರಿಕೆ ಏತಕ್ಕೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನಮ್ಮ ಫೈಲುಗಳು ಹೋದರೆ?"

ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಇಲ್ಲಿಯವರಿಗೆ ಆಪರೇಟಿಂಗ್ ಸಿಸ್ಟಂ ಅಂದರೆ ಭಾಗವತರು ಎಂದರೆ ಸಾಕು. ಯಾವ ವೇಷ ಯಾವಾಗ ರಂಗಕ್ಕೆ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು, ಚೆಂಡೆ ಎಲ್ಲಿ ಏಳಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಅವರ ಕೈಯಲ್ಲಿ. ಕಂಪ್ಯೂಟರಿನಲ್ಲೂ ಹಾಗೆಯೇ. ಬ್ರೌಸರಿಗೆ ಕೆಲವು ಮಿಲಿಸೆಕೆಂಡು, ಹಾಡಿಗೆ ಕೆಲವು, ಪ್ರಿಂಟರಿಗೆ ಕೆಲವು ಎಂದು ಸರದಿ ಹಂಚುವುದು ಅದೇ. ಭಾಗವತರು ಬದಲಾದರೂ ಪ್ರಸಂಗ ಪುಸ್ತಕ ಬದಲಾಗುವುದಿಲ್ಲ. ನಿಮ್ಮ ಫೈಲುಗಳು ಆ ಪುಸ್ತಕ. ಬೇರೆ ಡಿಸ್ಕಿಗೆ ನಕಲು ಮಾಡಿಟ್ಟರೆ ಅವು ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಪುಸ್ತಕದ ಲಿಪಿ ಹೊಸ ಭಾಗವತರಿಗೆ ಓದಲು ಬಾರದಿದ್ದರೆ? ನನಗೆ ಆದದ್ದು ಅದು.

ಅದಕ್ಕೆ ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ಒಂದು ಹಾರ್ಡ್ ಡಿಸ್ಕಿನದು. ಹಳೆಯ ಲ್ಯಾಪ್‌ಟಾಪ್ ನಿಧಾನ ಎಂದು ಬೈಯುವವರು ಹೆಚ್ಚಾಗಿ ಬೈಯಬೇಕಾದ್ದು ಅದನ್ನೇ. ಅದರ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸುಮಾರು 5.5 ಮಿಲಿಸೆಕೆಂಡು. ಸೂಜಿ ಸರಿಯಲು ಅದರ ಮೇಲೆ ಇನ್ನೊಂದು ಹತ್ತು. ಹಾಗಾಗಿ ಬೇರೆ ಬೇರೆ ಜಾಗಗಳಲ್ಲಿರುವ ಚೂರುಗಳನ್ನು ಸೆಕೆಂಡಿಗೆ ಅರುವತ್ತು ಎಪ್ಪತ್ತು ಮಾತ್ರ ಹೆಕ್ಕಬಹುದು. ಸಿಸ್ಟಂ ಏಳುವಾಗಲೋ ಸಾವಿರಾರು ಚೂರುಗಳು ಬೇಕು. ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕಿನಲ್ಲಿ ತಿರುಗುವುದು ಏನೂ ಇಲ್ಲ. ಸುಮಾರು 0.1 ಮಿಲಿಸೆಕೆಂಡಿಗೆ ಒಂದು ಚೂರು ಬಂತು. ನನ್ನದಕ್ಕೆ ಸಿಸ್ಟಂ ಜೊತೆಗೆ ಡಿಸ್ಕನ್ನೂ ಬದಲಿಸಿದೆ. ಹೊಸ ಯಂತ್ರದ ಹಾಗೆ ಆಯಿತು.

ಇನ್ನೊಂದು ಕರೆಂಟಿನದು. ಅರ್ಧ ಕೆಲಸ ಆಗಿತ್ತು, ಗುಡುಗಿತು, ಕರೆಂಟು ಹೋಯಿತು. ಹಳೆಯ ಬ್ಯಾಟರಿ ಹತ್ತು ನಿಮಿಷವೂ ತಡೆಯಲಿಲ್ಲ. ಹೀಗಾದರೆ ಡಿಸ್ಕೇ ಹಾಳು ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಈಗ ಹಾಗಿಲ್ಲ. ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರೆ, ಅಲ್ವಾ? ನಡುವೆ ಎದ್ದು ಹೋದರೂ ಕಿರ್ದಿ ನೋಡಿ ಖಾತೆ ಸರಿಪಡಿಸಬಹುದು. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆಗಳಾದ ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಎಕ್ಸ್‌ಟಿ4, ಎರಡೂ ಹೀಗೆ ಒಂದು ಕಿರ್ದಿ ಇಡುತ್ತವೆ. ಮಾಡಹೊರಟ ಬದಲಾವಣೆಯನ್ನು ಮೊದಲು ಅಲ್ಲಿ ಬರೆಯುತ್ತವೆ, ಕರೆಂಟು ಬಂದ ಮೇಲೆ ಅದನ್ನು ಓದಿ ಪೂರ್ತಿಮಾಡುತ್ತವೆ, ಇಲ್ಲವೇ ಬಿಟ್ಟುಬಿಡುತ್ತವೆ. ಇದು ಕಾಪಾಡುವುದು ಮುಖ್ಯವಾಗಿ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು. ಆ ಹೊತ್ತಿಗೆ ನೀವು ಟೈಪ್ ಮಾಡುತ್ತಿದ್ದ ಪ್ಯಾರಾವನ್ನಲ್ಲ. ಅರ್ಧಕ್ಕೆ ನಿಂತ ಹೊಸ ಸಿಸ್ಟಮಿಗೂ ಇದು ಸಾಲದು. ಅದಕ್ಕೆ ಮರುದಿನ ಬೆಳಿಗ್ಗೆ ಪೆನ್‌ಡ್ರೈವಿನಿಂದ ಮತ್ತೆ ಮೊದಲಿನಿಂದ ಶುರುಮಾಡಿದೆ. ಸಂಜೆ ಸಂಜೆ ಗುಡುಗುವ ಈ ತುಲಾ ತಿಂಗಳಲ್ಲಿ ಈ ಕೆಲಸಕ್ಕೆ ಬೆಳಗ್ಗಿನ ಹೊತ್ತೇ ಸರಿ.

ಎಲ್ಲ ಮುಗಿದು ಫೈಲುಗಳನ್ನು ವಾಪಸು ಹಾಕಿದೆ. ಫೋಟೋಗಳು ಬಂದವು, ಹಾಡುಗಳು ಬಂದವು. ಆಮೇಲೆ ದೊಡ್ಡಪ್ಪನ ಲೇಖನ ತೆರೆದೆ. ಊರಿನ ಭಜನಾ ಮಂದಿರದ ಸ್ಮರಣ ಸಂಚಿಕೆಗಾಗಿ 2004ರಲ್ಲಿ ಪಾರ್ತಿಸುಬ್ಬನ ಬಗ್ಗೆ ಅವರು ಬರೆದದ್ದು. ಕೈಬರಹದ ಪ್ರತಿ ಗೆದ್ದಲಿಗೆ ಹೋಗಿದೆ. ದೊಡ್ಡಪ್ಪ ಈಗ ಇಲ್ಲ. ಈ ಫೈಲೊಂದೇ ಉಳಿದದ್ದು.

ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತುಗಳು. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಕೈಕಾಲು ತಣ್ಣಗಾಯಿತು.

ಫೈಲು ಹಾಳಾಗಿರಲಿಲ್ಲ. 2004ರಲ್ಲಿ ಇದ್ದ ಒಂದೊಂದು ಬೈಟೂ ಹಾಗೇ ಇತ್ತು. ಆಗಿನ ಕನ್ನಡ ತಂತ್ರಾಂಶಗಳು ಕನ್ನಡವನ್ನು ಇಡುತ್ತಿದ್ದ ಬಗೆಯೇ ಬೇರೆ. ಒಂದು ಬೈಟು 256 ಗುರುತುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಹೇಳಬಲ್ಲದು. ಅವು ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಹಂಚಿಹೋಗಿದ್ದವು. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ಆಕಾರಗಳು. ಅದಕ್ಕೆ ಅಕ್ಷರಗಳನ್ನೇ ತುಂಡು ಮಾಡಿದರು. ಕಕಾರದ ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು. ಇಂಗ್ಲಿಷಿನ ಪಿ ಇರುವ ಜಾಗದಲ್ಲಿ ಕಕಾರದ ಒಡಲಿನ ಚಿತ್ರ, ತಲೆಯ ಮೇಲೆ ಗೆರೆ ಇರುವ ಎ ಜಾಗದಲ್ಲಿ ತಲೆಕಟ್ಟಿನ ಚಿತ್ರ, ಪೌಂಡಿನ ಜಾಗದಲ್ಲಿ ನಕಾರದ ಒಡಲು. ಹೀಗೆ ಒಂದು ಫಾಂಟ್ ಮಾಡಿದರು. 'ಕನ್ನಡ' ಎಂದು ಬರೆದರೆ ಫೈಲಿನೊಳಗೆ ಇರುವುದು ಪಿ, ಗೆರೆಯ ಎ, ಪೌಂಡು, ಗೆರೆಯ ಎ, ಜರ್ಮನಿಯವರ ಎಸ್, ಸಣ್ಣ ಕ್ಯೂ, ಮತ್ತೆ ಗೆರೆಯ ಎ. ಒಟ್ಟು ಏಳು ಬೈಟು. ಆ ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಇಲ್ಲದಿದ್ದರೆ ಇದ್ದದ್ದೇ ಕಾಣುತ್ತದೆ. ನಾನು ಫೈಲುಗಳನ್ನು ಎರಡೆರಡು ಸಲ ನಕಲು ಮಾಡಿದ್ದೆ. ಫಾಂಟ್‌ಗಳ ಫೋಲ್ಡರನ್ನು ಮರೆತಿದ್ದೆ.

ಆ ಉಪಾಯ ಮಾಡಿದವರ ಮೇಲೆ ನನಗೆ ಗೌರವ ಇದೆ. ಕನ್ನಡ ಅಚ್ಚಾಗಬೇಕಿತ್ತು, ಕಾಯಲು ಪುರುಸೊತ್ತು ಇರಲಿಲ್ಲ. ಮದುವೆ ಕಾಗದದಿಂದ ವಾರಪತ್ರಿಕೆಯವರೆಗೆ ಆ ಫಾಂಟ್‌ಗಳೇ ದುಡಿದವು. ಆದರೆ ಕಾಗದಕ್ಕೆ ಸಾಕಾದದ್ದು ಕಂಪ್ಯೂಟರಿಗೆ ಸಾಲದು. ಆ ಫೈಲಿನಲ್ಲಿ ಪಾರ್ತಿಸುಬ್ಬ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಪಿ, ಎ, ಪೌಂಡು ಎಂದೇ ಓದುತ್ತದೆ.

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ಮಾನಕ ಈ ಗಂಟನ್ನು ಬಿಡಿಸಿತು. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಕ ಎಂದರೆ 3221, ಮ ಎಂದರೆ 3246. ಯಾವ ಫಾಂಟ್ ಬಂದರೂ ಹೋದರೂ ಆ ಸಂಖ್ಯೆ ಕನ್ನಡದ್ದೇ. ಮಲಯಾಳದ ಕ 3349, ಮ 3374. ಎರಡಕ್ಕೂ ಸರಿಯಾಗಿ 128 ಅಂತರ. ಎರಡು ಲಿಪಿಗಳನ್ನೂ ಇಸ್ಕಿ ಎಂಬ ಭಾರತೀಯ ಮಾನಕದ ಒಂದೇ ಕ್ರಮದಲ್ಲಿ ಜೋಡಿಸಿದ್ದರಿಂದ ಹೀಗೆ. ಎರಡೂ ಲಿಪಿಗಳ ನಡುವೆ ಓಡಾಡುವ ನಮಗೆ ಇದು ತಿಳಿದಿದ್ದರೆ ಚೆಂದ.

ಯುನಿಕೋಡಿನಲ್ಲಿ ಇಡುವುದು ನಾವು ಉಚ್ಚರಿಸುವ ಕ್ರಮ. 'ಸೂರ್ಯ' ಬರೆದರೆ ಸೂ ಆದ ಮೇಲೆ ಮೊದಲು ರ, ಆಮೇಲೆ ಹಲಂತದ ಗುರುತು, ಆಮೇಲೆ ಯ. ಕಾಣುವಾಗ ಮಾತ್ರ ಯ ಮುಂದೆ ಬಂದು ಅರ್ಕಾವತ್ತು ಹಿಂದೆ ಕೂರುತ್ತದೆ. ಈ ಜಾಗ ಬದಲಿಸುವ ಕೆಲಸ ಆಪರೇಟಿಂಗ್ ಸಿಸ್ಟಮಿನೊಳಗಿನ ಒಂದು ತಂತ್ರಾಂಶದ್ದು ಮತ್ತು ಫಾಂಟಿನದ್ದು. ಲಿನಕ್ಸಿನಲ್ಲೂ ಆಂಡ್ರಾಯ್ಡಿನಲ್ಲೂ ಅದರ ಹೆಸರು ಹಾರ್ಫ್‌ಬಝ್. ಹಳೆಯ ಸಿಸ್ಟಮಿನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದ್ದರೆ ತಪ್ಪು ಹೆಚ್ಚಾಗಿ ಅಲ್ಲಿರುತ್ತದೆ. ಹೊಸತು ಹಾಕಿದಾಗ ಸರಿಹೋಗುತ್ತದೆ. ತುಳುವಿಗೂ ಇದು ಬೇಕು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಇಲ್ಲಿಯ ಹಳೆ ಮನೆಗಳ ಅಟ್ಟದ ಮೇಲಿನ ತಾಳೆಗರಿಗಳಲ್ಲಿ ಇರುವ ಲಿಪಿ ಅದು. ಅದನ್ನು ಟೈಪ್ ಮಾಡಿ ಓದಬೇಕಾದರೆ ಆ ಸಂಖ್ಯೆಗಳು ಗೊತ್ತಿರುವ ಸಿಸ್ಟಂ ಬೇಕು, ಹೊಂದುವ ಫಾಂಟ್ ಬೇಕು. ಹಳೆಯದರಲ್ಲಿ ಬರೀ ಚೌಕಗಳು ಕಾಣುತ್ತವೆ.

ದೊಡ್ಡಪ್ಪನ ಫೈಲಿಗೆ ಬರುತ್ತೇನೆ. ಫಾಂಟ್ ಇಲ್ಲದಿದ್ದರೂ ಅದರ ಹೆಸರು ಡಾಕ್ಯುಮೆಂಟಿನಲ್ಲಿ ಉಳಿದಿರುತ್ತದೆ. ಲಿಬ್ರೆಆಫೀಸ್ ಎಂಬ ಬರೆಯುವ ತಂತ್ರಾಂಶದಲ್ಲಿ ತೆರೆದಾಗ ಮೇಲಿನ ಪಟ್ಟಿಯಲ್ಲಿ ಆ ಹೆಸರು ಓರೆ ಅಕ್ಷರಗಳಲ್ಲಿ ಕಂಡಿತು. ಫಾಂಟ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಹೆಸರು ಸಿಕ್ಕಿದ್ದೇ ದಾರಿ ಸಿಕ್ಕಿತು. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಇವೆ. ನುಡಿ, ಬರಹ ಎರಡೂ ತಂತ್ರಾಂಶಗಳ ಜೊತೆಗೂ ಸಿಗುತ್ತವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಾಣುವ ಕ್ರಮದಲ್ಲಿ, ಯ ಆದ ಮೇಲೆ ಇಟ್ಟಿರುತ್ತಾರೆ. ಪರಿವರ್ತಕ ಅದನ್ನು ಹಿಡಿದು ಯ ಬರುವ ಮೊದಲೇ ಕೂರಿಸಬೇಕು. ತಲೆಕಟ್ಟನ್ನೂ ಒಡಲನ್ನೂ ಕೂಡಿಸಿ ಒಂದೇ ಅಕ್ಷರ ಮಾಡಬೇಕು. ಹೆಚ್ಚಿನದು ಸರಿಯಾಗಿ ಬಂತು. ನಡುವೆ ಇದ್ದ ಎರಡು ಇಂಗ್ಲಿಷ್ ಪದಗಳನ್ನು ಅದು ಕನ್ನಡದ ತುಂಡುಗಳೆಂದು ತಿಳಿದು ಏನೋ ಮಾಡಿತು. ಅವನ್ನು ಕೈಯಲ್ಲೇ ತಿದ್ದಿದೆ. ರಾತ್ರಿ ಮಗಳು ಇಡೀ ಲೇಖನ ಗಟ್ಟಿಯಾಗಿ ಓದಿದಳು, ನಾನು ತಪ್ಪು ಹುಡುಕಿದೆ. ಏಳು ಬೈಟಿನ 'ಕನ್ನಡ' ಈಗ ಹದಿನೈದು ಬೈಟು. ಇರಲಿ, ಜಾಗಕ್ಕೇನು ಬರ?

ವಾರದ ಮೇಲೆ ಪಕ್ಕದ ಮನೆಗೆ ಹೋದೆ. ಪೆನ್‌ಡ್ರೈವ್ ಕೈಯಲ್ಲಿ ಇತ್ತು. ಮೊದಲು ಫಾಂಟ್‌ಗಳ ಫೋಲ್ಡರನ್ನು ನಕಲು ಮಾಡಿದೆ. ಆಮೇಲೆ ಇಬ್ಬರೂ ಕೂತು ಒಂದೊಂದೇ ಫೈಲು ತೆರೆದೆವು. ತರವಾಡು ಮನೆಯ ದೈವದ ನೇಮದ ಖರ್ಚಿನ ಪಟ್ಟಿ, 2006ರದ್ದು. ಕುಟುಂಬದ ಐದು ತಲೆಮಾರಿನ ಹೆಸರುಗಳು. ಎಲ್ಲವೂ ಹಳೆಯ ಫಾಂಟಿನಲ್ಲಿ.

"ಅಣ್ಣ, ಇದನ್ನು ಟೈಪ್ ಮಾಡಿದ್ದು ಯಾರು?"

"ಅಪ್ಪ. ಒಂದು ಬೆರಳಿನಲ್ಲಿ. ಎರಡು ತಿಂಗಳು ಬೇಕಾಯಿತು ಮಾಷ್ಟ್ರೇ."

ಹೊರಗೆ ಗುಡುಗು ಶುರುವಾಯಿತು. ಅವರು ಎದ್ದು ಪ್ಲಗ್ಗು ತೆಗೆದರು. ಪಟ್ಟಿಯಲ್ಲಿ ಇನ್ನೂ ನಲವತ್ತು ಫೈಲುಗಳಿದ್ದವು. ನಾಳೆ ಬೆಳಿಗ್ಗೆ ಬರುತ್ತೇನೆ ಅಂದೆ.