ಒಂದು ಗಂಟೆಯ ಅಪ್ರೂವಲ್‌ಗೆ ಮೂರು ವಾರ ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಮನೆ ರಾಜಾಜಿನಗರದಲ್ಲಿ. ಎತ್ತರ 160 ಸೆಂಟಿಮೀಟರ್, ತೂಕ 98 ಕೆಜಿ. ಒಂಬತ್ತು ವರ್ಷದಿಂದ ಶುಗರ್ ಇದೆ, ಎಷ್ಟು ಮಾತ್ರೆ ನುಂಗಿದರೂ ಹತೋಟಿಗೆ ಬರುತ್ತಿಲ್ಲ. ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಯವರು ಇನ್ಶೂರೆನ್ಸ್‌ಗೆ ಕಳಿಸಿ ಮೂರು ವಾರ ಆಯಿತು. ಒಂದು ಕ್ವೆರಿಗೆ ಉತ್ತರ ಕೊಟ್ಟರೆ ಇನ್ನೊಂದು ಬರುತ್ತದೆ. ಯಾಕೆ ಇಷ್ಟು ತಡ? ಅಷ್ಟರಲ್ಲಿ ತೂಕ ಸ್ವಲ್ಪ ಇಳಿದರೆ ಅಪ್ರೂವಲ್ ತಪ್ಪಿಹೋಗುತ್ತಾ? ಆಫೀಸಿನಲ್ಲಿ ರಜೆ ಬೇರೆ ಕೇಳಬೇಕು.

ಉತ್ತರ: ಮೊದಲು ತೂಕದ ಮಾತು ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ, ನಿಮ್ಮದು 38.3. ಶುಗರ್ ಹತೋಟಿ ತಪ್ಪಿದವರಿಗೆ ಪಾಲಿಸಿ ಹಾಕಿರುವ ಗೆರೆ 35. ನಿಮ್ಮ ಎತ್ತರಕ್ಕೆ ಅದು 89.6 ಕೆಜಿ ಆಗುತ್ತದೆ. ಅಂದರೆ ಎಂಟು ಕೆಜಿ ಇಳಿದರೂ ನೀವು ಗೆರೆಯ ಮೇಲೆಯೇ ಇರುತ್ತೀರಿ. ಆರಾಮಾಗಿರಿ.

ಇನ್ನು ತಡದ ವಿಷಯ. ವಿಮೆಯ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ) ಅರ್ಜಿ ಕೈಸೇರಿದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ದಿನ ಮೂರು ಗಂಟೆಯೊಳಗೆ. ಓದಲು ಚೆನ್ನಾಗಿದೆ, ಅಲ್ವಾ? ಆದರೆ ಒಂದು ಗಂಟೆಯಲ್ಲಿ ಬರುವ ಉತ್ತರ ‘ಹೂಂ’ ಅಥವಾ ‘ಊಹೂಂ’ ಆಗಿರಬೇಕಿಲ್ಲ. ‘ಇನ್ನೊಂದು ಕಾಗದ ಕಳಿಸಿ’ ಅಂತಲೂ ಇರಬಹುದು. ಅದೇ ಕ್ವೆರಿ. ಕ್ವೆರಿ ಬಂದ ಮೇಲೆ ಗಡಿಯಾರ ಅವರದಲ್ಲ, ನಿಮ್ಮದು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನವರು ನಿಮಗೆ ಫೋನ್ ಮಾಡಬೇಕು, ನೀವು ಡಾಕ್ಟರ ಹತ್ತಿರ ಹೋಗಬೇಕು, ಅವರು ಓಪಿಡಿ ಮುಗಿಸಿ ನಾಲ್ಕು ಸಾಲು ಬರೆದುಕೊಡಬೇಕು. ನಾಲ್ಕು ದಿನ ಹೋಯಿತು. ಹೀಗೆ ಐದು ಕ್ವೆರಿಗೆ ಮೂರು ವಾರ.

ಹಾಗಾದರೆ ಇನ್ಶೂರೆನ್ಸ್ ಕಂಪನಿಯವರು ಹುಡುಕುತ್ತಿರುವುದು ಏನನ್ನು? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ನಿಮ್ಮ ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಭಾಗ ತೆಗೆಯಿರಿ. ಅದರಲ್ಲಿ 06 ಅಂತ ಕೋಡ್ ಇರುವ ಬೊಜ್ಜಿನ ಕಲಂ ಹುಡುಕಿ. 2019ರಲ್ಲಿ ಐಆರ್‌ಡಿಎಐ ಇಂಥ ಕಲಂಗಳಿಗೆಲ್ಲ ಒಂದೇ ಒಕ್ಕಣೆ ಮಾಡಿಕೊಟ್ಟಿತು. ಹಾಗಾಗಿ ಕಂಪನಿ ಯಾವುದಾದರೂ ಮಾತು ಹೆಚ್ಚುಕಡಿಮೆ ಒಂದೇ. ಡಾಕ್ಟರ ಸಲಹೆ ಇರಬೇಕು. ವೈದ್ಯಕೀಯ ಕ್ರಮಕ್ಕೆ ಒಪ್ಪುವ ಆಪರೇಷನ್ ಆಗಿರಬೇಕು. ವಯಸ್ಸು 18 ತುಂಬಿರಬೇಕು. ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 40 ಇಲ್ಲದಿದ್ದರೆ 35 ಆದರೂ ಇದ್ದು, ಜೊತೆಗೆ ಈ ನಾಲ್ಕರಲ್ಲಿ ಒಂದಿರಬೇಕು: ಬೊಜ್ಜಿನಿಂದ ಹೃದಯದ ಸ್ನಾಯು ದುರ್ಬಲವಾಗಿರುವುದು, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವುದು), ಹತೋಟಿಗೆ ಬಾರದ ಟೈಪ್ 2 ಶುಗರ್. ಆಪರೇಷನ್ ಅಲ್ಲದ ದಾರಿಗಳನ್ನು ಮೊದಲು ಹಿಡಿದು ಫಲ ಸಿಗದೆ ಬಂದಿರಬೇಕು ಎಂಬ ಮಾತೂ ಅಲ್ಲಿದೆ.

ಈ ಪಟ್ಟಿಯಲ್ಲಿ ಏನಿಲ್ಲ ಅಂತ ಇನ್ನೊಮ್ಮೆ ನೋಡಿ. ಮಂಡಿ ನೋವು ಇಲ್ಲ. ಬಿಪಿ ಇಲ್ಲ. ಪಿಸಿಒಡಿ ಇಲ್ಲ. ಫ್ಯಾಟಿ ಲಿವರ್ ಇಲ್ಲ. ನಮ್ಮ ಹೆಣ್ಣುಮಕ್ಕಳು ಡಾಕ್ಟರ ಮುಂದೆ ಕೂತು ಮೊದಲು ಹೇಳುವ ನಾಲ್ಕೂ ಇಲ್ಲ!

ನಾನೇ ಈ ಗುಂಡಿಗೆ ಬಿದ್ದವಳು. ನನ್ನ ಬಿಎಂಐ ಆಗ 37. ಆಸ್ಪತ್ರೆಯವರು ಫಾರ್ಮಿನಲ್ಲಿ ‘ಮಂಡಿ ನೋವು, ಬಿಪಿ’ ಅಂತ ಬರೆದು ಕಳಿಸಿದರು. ಎರಡೂ ನಿಜ, ಎರಡೂ ಪ್ರಯೋಜನಕ್ಕಿಲ್ಲ. ಪ್ರೀ-ಆಥ್, ಅಂದರೆ ಮುಂಚಿತ ಒಪ್ಪಿಗೆಯ ಅರ್ಜಿ, ಹಾಗೇ ವಾಪಸ್ ಬಂತು. ಆಮೇಲೆ ಒಬ್ಬ ಜೂನಿಯರ್ ಡಾಕ್ಟರು, ಪುಣ್ಯಾತ್ಮ, “ಗೊರಕೆ ಹೊಡೀತೀರಾ ಮೇಡಂ?” ಅಂತ ಕೇಳಿದರು. ನಾನು ಉತ್ತರ ಹೇಳುವ ಮೊದಲೇ ನಮ್ಮ ಯಜಮಾನರು ಹೂಂಗುಟ್ಟಿದರು. ಒಂದು ರಾತ್ರಿ ತಲೆಗೆ, ಎದೆಗೆ, ಕಾಲಿಗೆ ವೈರ್ ಅಂಟಿಸಿಕೊಂಡು ಸ್ಲೀಪ್ ಸ್ಟಡಿಗೆ ಮಲಗಿದೆ. ಗಂಟೆಗೆ 42 ಸಲ ಉಸಿರು ನಿಲ್ಲುತ್ತಿದೆ ಅಥವಾ ಕುಗ್ಗುತ್ತಿದೆ ಅಂತ ರಿಪೋರ್ಟ್ ಬಂತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಹೊಸದಾಗಿ ಕಳಿಸಿದ ಪ್ರೀ-ಆಥ್‌ಗೆ ಅದೇ ದಿನ ಸಂಜೆ ಅಪ್ರೂವಲ್. ಕಾಯಿಲೆ ಹೊಸದಲ್ಲ, ಕಾಗದ ಮಾತ್ರ ಹೊಸದು.

ನಿಮ್ಮ ವಿಷಯದಲ್ಲಿ ಹುಡುಕಾಟ ಬೇಡ. ಶುಗರ್ ಪಟ್ಟಿಯಲ್ಲೇ ಇದೆ. ಆದರೆ ‘ಶುಗರ್ ಇದೆ’ ಅಂದರೆ ಸಾಲದು, ‘ಹತೋಟಿಗೆ ಬಾರದ’ ಎಂಬ ಪದಕ್ಕೆ ಪುರಾವೆ ಬೇಕು. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ರಿಪೋರ್ಟ್ ಈಚಿನದು ಇರಲಿ. ಜೊತೆಗೆ ಹಿಂದಿನ ಒಂದೆರಡು ವರ್ಷದ ರಿಪೋರ್ಟುಗಳೂ ಇರಲಿ. ಮಾತ್ರೆ ಏರಿಸುತ್ತಾ ಬಂದ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಬೇರೆ ದಾರಿ ಹಿಡಿದು ನೋಡಿದ್ದೀರಿ ಅನ್ನುವುದಕ್ಕೆ ಡಯಟೀಷಿಯನ್ ಕೊಟ್ಟ ಹಾಳೆ ಆಗುತ್ತದೆ, ಜಿಮ್ ರಸೀದಿಯೂ ಆಗುತ್ತದೆ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಜ್ವರಕ್ಕೆ ತೋರಿಸಿದಾಗ ಚೀಟಿಯ ಮೂಲೆಯಲ್ಲಿ ‘94 ಕೆಜಿ’ ಅಂತ ಗೀಚಿರುತ್ತಾರಲ್ಲ, ಅದನ್ನೂ ಬಿಸಾಡಬೇಡಿ. ನಿಮ್ಮ ತೂಕ ನಿನ್ನೆ ಮೊನ್ನೆಯದಲ್ಲ ಅಂತ ಹೇಳುವ ಸಾಕ್ಷಿ ಅದು.

ಎತ್ತರವನ್ನೂ ಒಮ್ಮೆ ನೋಡಿಕೊಳ್ಳಿ. ತೂಕಕ್ಕೆ ಎಲ್ಲರೂ ಮಷಿನ್ ಹತ್ತಿಸುತ್ತಾರೆ, ಎತ್ತರವನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. ಐದಡಿ ಮೂರಿಂಚಿನ ಬದಲು ಯಾರೋ ಐದಡಿ ಆರಿಂಚು ಅಂತ ಬರೆದರೆ ಅದೇ 98 ಕೆಜಿಗೆ ಬಿಎಂಐ 35ರ ಕೆಳಗೆ ಬಿತ್ತು. ಚಪ್ಪಲಿ ಬಿಚ್ಚಿ ಅಳೆಸಿಕೊಳ್ಳಿ. ಎಲ್ಲ ಕಾಗದದಲ್ಲೂ ಒಂದೇ ಅಂಕಿ ಇದೆಯಾ ಅಂತ ನೋಡಿ. ಎರಡು ಕಡೆ ಎರಡು ಎತ್ತರ ಇದ್ದರೆ ಕ್ವೆರಿ ಗ್ಯಾರಂಟಿ.

ಹಳೆಯ ಪ್ರಪೋಸಲ್ ಫಾರ್ಮನ್ನೂ ತೆಗೆದು ನೋಡಿ. ಪಾಲಿಸಿ ಮಾಡಿಸಿದ ದಿನ ಏಜೆಂಟರು ಕಣ್ಣಳತೆಯಲ್ಲಿ ‘72 ಕೆಜಿ, ಶುಗರ್ ಇಲ್ಲ’ ಅಂತ ತುಂಬಿರುವುದು ಎಷ್ಟೋ ಮನೆಗಳಲ್ಲಿ ಉಂಟು. ಸಹಿ ಮಾತ್ರ ನಿಮ್ಮದು. ಈಗ ಕಂಪನಿಯವರು “ಶುಗರ್ ಯಾವಾಗಿನಿಂದ?” ಅಂತ ಕೇಳುತ್ತಿದ್ದರೆ ಕಾರಣ ಇದೇ ಇರಬಹುದು. ಮೊದಲೇ ಇದ್ದ ಕಾಯಿಲೆಗೆ ಪಾಲಿಸಿಯಲ್ಲಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಪಾಲಿಸಿ ಬಿಡದೆ 60 ತಿಂಗಳು ನಡೆದಿದ್ದರೆ, ಮೋಸ ಅಂತ ಸಾಬೀತು ಮಾಡದ ಹೊರತು, ಮುಚ್ಚಿಟ್ಟಿರಿ ಎಂಬ ಕಾರಣ ಹೇಳಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಉತ್ತರ ಬರೆಯುವಾಗ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಒಂಬತ್ತು ವರ್ಷವನ್ನು ಎರಡು ವರ್ಷ ಮಾಡಲು ಹೋಗಬೇಡಿ, ಹಳೆಯ ಚೀಟಿಗಳು ನಿಮ್ಮ ವಿರುದ್ಧವೇ ನಿಲ್ಲುತ್ತವೆ.

ಆಫೀಸಿನ ಗ್ರೂಪ್ ಪಾಲಿಸಿ ಆಗಿದ್ದರೆ ಲೆಕ್ಕ ಬೇರೆ. ಕೆಲಸ ಕೊಟ್ಟ ಎಷ್ಟೋ ಕಂಪನಿಗಳು ಕಾಯುವ ಅವಧಿಯನ್ನು ತೆಗೆಸಿರುತ್ತವೆ, ಆದರೆ ಈ ಆಪರೇಷನ್‌ಗೆ ಇಂತಿಷ್ಟೇ ಅಂತ ಸಬ್-ಲಿಮಿಟ್ ಹಾಕಿರುತ್ತವೆ. ಪಾಲಿಸಿ ಐದು ಲಕ್ಷದ್ದಾದರೂ ಇದಕ್ಕೆ ಎರಡೂವರೆ ಲಕ್ಷವೇ ಅಂತಿದ್ದರೆ ಉಳಿದದ್ದು ನಿಮ್ಮ ಕೈಯಿಂದ. ಎಚ್‌ಆರ್‌ಗೆ ಮೇಲ್ ಹಾಕಿ ಬರಹದಲ್ಲೇ ಕೇಳಿ. ಪಾಲಿಸಿ ಯಾವ ತಾರೀಖಿಗೆ ರಿನ್ಯೂ ಆಗುತ್ತದೆ ಅಂತಲೂ ಕೇಳಿ, ಆ ದಿನ ಷರತ್ತು ಬದಲಾಗಬಹುದು. ಮಾನ್ಯತಾ ಟೆಕ್ ಪಾರ್ಕ್‌ನಿಂದ ವೈಟ್‌ಫೀಲ್ಡ್‌ಗೆ ಕೆಲಸ ಬದಲಿಸುವ ಯೋಚನೆ ಏನಾದರೂ ಇದ್ದರೆ ಆಪರೇಷನ್ ಮುಗಿಯುವ ತನಕ ಮುಂದಕ್ಕೆ ಹಾಕಿ. ಹಳೆಯ ಕಂಪನಿಯ ಅಪ್ರೂವಲ್ ಪತ್ರ ಹೊಸ ಕಂಪನಿಯಲ್ಲಿ ನಡೆಯುವುದಿಲ್ಲ.

ಈಗ ಒಂದು ಅಡ್ಡ ಮಾತು. “ಡಾಕ್ಟರು ಬೇಕೇ ಬೇಕು ಅಂದರು, ಇನ್ಶೂರೆನ್ಸ್‌ನವರು ಬಿಎಂಐ ಸಾಲದು ಅಂದರು. ಯಾರು ಸುಳ್ಳು?” ಅಂತ ಬೇರೆ ಓದುಗರು ಕೇಳುತ್ತಿರುತ್ತಾರೆ. ಇಬ್ಬರೂ ಸುಳ್ಳಲ್ಲ. 40 ಮತ್ತು 35ರ ಗೆರೆ 1991ರಲ್ಲಿ ಅಮೆರಿಕದ ತಜ್ಞರ ಸಭೆ ಎಳೆದದ್ದು. ಅದೇ ಬಿಎಂಐ ಇರುವ ಬಿಳಿಯರಿಗಿಂತ ನಮ್ಮವರ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ, ಶುಗರ್ ಬೇಗ. ಹಾಗಾಗಿ ನಮ್ಮಲ್ಲಿ ಎಷ್ಟೋ ಸರ್ಜನ್ನರು ಏಷ್ಯಾದವರಿಗೆ 37.5, ಜೊತೆಗೆ ಕಾಯಿಲೆ ಇದ್ದರೆ 32.5 ಅಂತ ಇಟ್ಟುಕೊಂಡಿದ್ದಾರೆ. ನಿಮ್ಮ ಎತ್ತರದವರಿಗೆ 32.5 ಅಂದರೆ 83 ಕೆಜಿ. ಪಾಲಿಸಿಯ 35 ಅಂದರೆ ಸುಮಾರು 90 ಕೆಜಿ. ಈ ಆರೇಳು ಕೆಜಿಯ ನಡುವೆ ಸಿಕ್ಕಿಕೊಂಡವರದೇ ಗೋಳು. ತಮಾಷೆ ಏನೆಂದರೆ, 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್ನರ ಸಂಘಗಳೇ ಹಳೆಯ ಗೆರೆ ಅಳಿಸಿ, ಬೇರೆ ಕಾಯಿಲೆ ಇಲ್ಲದಿದ್ದರೂ 35 ಸಾಕು ಅಂದವು. ನಮ್ಮ ಪಾಲಿಸಿ ಪುಸ್ತಕದಲ್ಲಿ ಮಾತ್ರ ಹಳೆಯದೇ ಉಳಿದಿದೆ. ಗೆರೆ ಮುಟ್ಟಲಿ ಅಂತ ಬೇಕಂತಲೇ ತಿಂದು ತೂಕ ಏರಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಆ ಕೊಬ್ಬು ಮೊದಲು ಹೋಗಿ ಕೂರುವುದು ಲಿವರ್‌ನಲ್ಲಿ. ಊದಿದ ಲಿವರ್ ಹೊಟ್ಟೆಯ ಚೀಲದ ಮೇಲೆ ಕವುಚಿಕೊಂಡಿರುತ್ತದೆ, ಅದನ್ನು ಎತ್ತಿ ಹಿಡಿಯುವುದೇ ಸರ್ಜನ್ನರಿಗೆ ಕಷ್ಟ.

ಆಪರೇಷನ್‌ಗೆ ಮುಂಚೆ ಸುಮಾರು ಎರಡು ವಾರ ತೀರಾ ಕಡಿಮೆ ಕ್ಯಾಲೊರಿಯ ಡಯಟ್ ಕೊಡುವುದು ಇದಕ್ಕೇ, ಲಿವರ್ ಕುಗ್ಗಲಿ ಅಂತ. ತಾರೀಖು ಗೊತ್ತಾಗುವ ಮುಂಚೆ ಅದನ್ನು ಸುಮ್ನೆ ನೀವೇ ಶುರು ಮಾಡಬೇಡಿ. ನಿಮಗೆ ಶುಗರ್ ಮಾತ್ರೆ ಇದೆ. ಊಟ ಇಳಿಸಿ ಮಾತ್ರೆ ಹಾಗೇ ನುಂಗಿದರೆ ಶುಗರ್ ಕುಸಿದು ತಲೆ ಸುತ್ತಿ ಬೀಳಬಹುದು. ಡಯಟ್ ಶುರುವಾದ ದಿನ ಆಸ್ಪತ್ರೆಯಲ್ಲಿ ತೂಕ ಬರೆಸಿ. ಇಷ್ಟು ಇಳಿದದ್ದು ಆಪರೇಷನ್ ತಯಾರಿಯ ಡಯಟ್‌ನಿಂದ ಅಂತ ಡಾಕ್ಟರ ಕೈಲಿ ಒಂದು ಸಾಲು ಹಾಕಿಸಿ. ಯಾವ ದಿನದ ತೂಕ ಲೆಕ್ಕಕ್ಕೆ ಅಂತ ಆ ಕಲಂನಲ್ಲಿ ಬರೆದಿಲ್ಲ, ಹಾಗಾಗಿ ಅಂಚಿನಲ್ಲಿರುವವರಿಗಂತೂ ಈ ಸಾಲು ಬಹಳ ಮುಖ್ಯ. 2025ರಲ್ಲಿ ನಮ್ಮಲ್ಲಿಗೆ ಬಂದ ಮೌಂಜಾರೋ, ವೆಗೋವಿ ಥರದ ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಸರ್ಜನ್‌ಗೂ ಅರಿವಳಿಕೆ ಡಾಕ್ಟರಿಗೂ ಹೇಳಲೇಬೇಕು. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ.

ಕಾಯುವ ದಿನಗಳಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಇನ್ನು ಮೇಲೆ ತಿನ್ನುವುದಕ್ಕಾಗಲ್ಲ ಅಂತ ವಿವಿ ಪುರಂ ತಿಂಡಿ ಬೀದಿಗೆ ಮೂರು ಸಲ ಹೋದೆ. ಮೂರು ಸಲವೂ ಇದೇ ಕೊನೆ ಅಂದುಕೊಂಡೆ. ಅದರ ಬದಲು ನಿಧಾನ ತಿನ್ನುವುದನ್ನು ಕಲಿಯಬೇಕಿತ್ತು. ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ನೂರಕ್ಕೆ ಸುಮಾರು 75ರಿಂದ 80 ಭಾಗ ತೆಗೆಯುತ್ತಾರೆ. ದರ್ಶಿನಿಯಲ್ಲಿ ನಿಂತುಕೊಂಡು ಐದು ನಿಮಿಷದಲ್ಲಿ ಖಾರಾಬಾತ್ ಮುಗಿಸುವ ನಮ್ಮ ಅಭ್ಯಾಸ ಆಮೇಲೆ ನಡೆಯುವುದೇ ಇಲ್ಲ, ಎರಡನೇ ತುತ್ತಿಗೇ ಎದೆ ಹಿಡಿದುಕೊಳ್ಳುತ್ತದೆ. ಒಂದು ಇಡ್ಲಿಗೆ ಇಪ್ಪತ್ತು ನಿಮಿಷ, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಡುವುದು. ಇವೆರಡನ್ನೂ ಈಗಲೇ ಅಭ್ಯಾಸ ಮಾಡಿ. ಬಿ12, ವಿಟಮಿನ್ ಡಿ, ಕಬ್ಬಿಣದ ಅಂಶ ಕಡಿಮೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಇಷ್ಟಾದರೂ ‘ಆಗಲ್ಲ’ ಅಂತ ಬಂದರೆ? ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ, ಹೇಳುವುದು ಅವರ ಕರ್ತವ್ಯ. ಕ್ಯಾಶ್‌ಲೆಸ್ ಸಿಗಲಿಲ್ಲ ಅಂದರೆ ಕ್ಲೇಮೇ ಹೋಯಿತು ಅಂತಲ್ಲ. ಕಾಗದ ಸಾಲದೆ ನಿಂತಿದ್ದರೆ ದುಡ್ಡು ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್ ಹಾಕಬಹುದು. ಆದರೆ ಬಿಎಂಐ ಷರತ್ತಿನ ಮೇಲೆಯೇ ತಿರಸ್ಕಾರ ಆಗಿದ್ದರೆ ಅಲ್ಲೂ ಅದೇ ಗೋಡೆ. ಸಾಲ ಮಾಡಿ ಈ ಜೂಜು ಆಡಬೇಡಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅವರು ತಳ್ಳಿಹಾಕಿದರೆ ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನ ಮಾಡುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲನೇ ಹಂತದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಡ. ದೂರು ತಳ್ಳಿಹಾಕಿದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.

ರಜೆಯ ವಿಷಯ ಕೇಳಿದ್ದಿರಿ. ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಒಂದು ಸೂಚನೆ ಕೊಟ್ಟಿರಿ, ರಜೆ ಅರ್ಜಿ ಮಾತ್ರ ಅಪ್ರೂವಲ್ ಪತ್ರ ಕೈಗೆ ಬಂದ ಮೇಲೆ ಹಾಕಿ. ಪತ್ರದ ಮೇಲೆ ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ತಾರೀಖು ಇರುತ್ತದೆ, ಡಯಟ್‌ನ ಎರಡು ವಾರ ಅದರೊಳಗೆ ಹಿಡಿಯುತ್ತದೆಯೇ ಅಂತ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೇಳಿ. ಕೂತು ಮಾಡುವ ಕೆಲಸವಾದರೆ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಎರಡು ವಾರ ಸಾಕು. ನಾನು ಮೂರು ವಾರ ತಗೊಂಡೆ. ರಾಜಾಜಿನಗರದಿಂದ ಆಫೀಸಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗುವವರಾದರೆ ನೀವೂ ಮೂರೇ ಕೇಳಿ.