ಗ್ರೀಸ್ ಜಾಸ್ತಿ ಹಾಕಿದ್ರೆ ಬೇರಿಂಗ್ ಬಾಳಿಕೆ ಬರಲ್ಲ

ಮೇಂಟೆನೆನ್ಸ್ ಕೆಲಸದಲ್ಲಿ ಪದೇ ಪದೇ ಕಿವಿಗೆ ಬೀಳೋ ಮಾತು, "ಸಾರ್, ಗ್ರೀಸ್ ತುಂಬ ಹೊಡೆದಿದ್ವಿ, ಆದ್ರೂ ಬೇರಿಂಗ್ ಹೋಯ್ತು." ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಹಾಗೆ ತುಂಬಿದ್ದೇ ಅದು ಹೋಗೋಕೆ ಕಾರಣ ಆಗಿರತ್ತೆ. ಯಾಕೆ ಅಂತ ತಿಳೀಬೇಕಂದ್ರೆ ಬೇರಿಂಗ್ (ತಿರುಗೋ ಶಾಫ್ಟ್‌ನ ಹೊತ್ತು ಹಿಡಿಯೋ ಭಾಗ) ಒಳಗೆ ಗ್ರೀಸಲ್ಲಿರೋ ಆಯಿಲ್ ಏನ್ ಮಾಡತ್ತೆ ಅಂತ ಮೊದ್ಲು ನೋಡ್ಬೇಕು.

ಎಷ್ಟೇ ಪಾಲಿಶ್ ಮಾಡಿದ ಲೋಹ ಆದ್ರೂ ಮೈಕ್ರೋಸ್ಕೋಪಲ್ಲಿ ಬರೀ ಉಬ್ಬುತಗ್ಗೇ ಕಾಣೋದು. ಎರಡು ಮೇಲ್ಮೈ ಒಂದರ ಮೇಲೊಂದು ಕೂತಾಗ ಉಬ್ಬುಗಳ ತುದಿ ಮಾತ್ರ ತಾಗತ್ತೆ, ಪೂರ್ತಿ ಲೋಡು ಆ ಚೂರು ಜಾಗದ ಮೇಲೆ ಬೀಳತ್ತೆ, ಅಲ್ಲಿ ಲೋಹಕ್ಕೆ ಲೋಹ ಅಂಟ್ಕೊಂಡು ಜಾರೋವಾಗ ಕಿತ್ತು ಬರತ್ತೆ, ಕಿತ್ತು ಬಂದ ಪುಡಿ ಮಧ್ಯೆ ಸಿಕ್ಕಿ ಇನ್ನಷ್ಟು ಗೀರತ್ತೆ. ಈ ತುದಿಗಳು ತಾಗದ ಹಾಗೆ ನೋಡ್ಕೊಳ್ಳೋದೇ ಆಯಿಲ್ ಕೆಲಸ.

1883ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಬೀಚಮ್ ಟವರ್ ರೈಲ್ವೆ ಆಕ್ಸಲ್ ಬೇರಿಂಗ್ ಟೆಸ್ಟ್ ಮಾಡ್ತಿದ್ದಾಗ ಬೇರಿಂಗ್ ಮೇಲ್ಭಾಗದಲ್ಲಿ ಒಂದು ತೂತು ಕೊರೆದ್ರು. ಶಾಫ್ಟ್ ತಿರುಗಿದ ಕೂಡ್ಲೇ ಆ ತೂತಿಂದ ಆಯಿಲ್ ಮೇಲೆ ಉಕ್ಕಿ ಬಂತು, ಕಾರ್ಕ್ ಹಾಕಿದ್ರೆ ತಳ್ಳಿ ಹಾಕ್ತು, ಮರದ ಬೆಣೆ ಹೊಡೆದ್ರೆ ಅದನ್ನೂ ತಳ್ತು. ಗೇಜ್ ಇಟ್ಟು ನೋಡಿದ್ರೆ ಬೇರಿಂಗ್ ಮೇಲಿನ ಸರಾಸರಿ ಒತ್ತಡದ ಎರಡು ಪಟ್ಟಿನಷ್ಟು ಪ್ರೆಶರ್. ತಿರುಗೋ ಶಾಫ್ಟೇ ಆಯಿಲ್‌ನ ಕಿರಿದಾಗ್ತಾ ಹೋಗೋ ಸಂದಿಗೆ ಎಳ್ಕೊಂಡು ಹೋಗಿ ಆ ಪ್ರೆಶರ್ ಹುಟ್ಟಿಸ್ತಿತ್ತು, ಶಾಫ್ಟ್ ಮೇಲೆ ಕೂತ ಬೇರಿಂಗ್ ಆ ಆಯಿಲ್ ಮೇಲೆ ತೇಲ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ್ರು, ಇವತ್ತಿಗೂ ಬೇರಿಂಗ್ ಡಿಸೈನ್ ಅದರ ಮೇಲೇ ನಿಂತಿದೆ. ನನಗೆ ತುಂಬ ಇಷ್ಟದ ಪ್ರಯೋಗ ಇದು.

ಅಂದ್ರೆ ಆಯಿಲ್ ಪದರ ಹುಟ್ಟೋಕೆ ವೇಗ ಬೇಕು, ವೇಗಕ್ಕೆ ತಕ್ಕ ದಪ್ಪದ ಆಯಿಲ್ ಬೇಕು. ನಿಧಾನ ತಿರುಗೋ ಭಾರದ ಗೇರಿಗೆ ದಪ್ಪ, ಜೋರಾಗಿ ತಿರುಗೋ ಸ್ಪಿಂಡಲ್‌ಗೆ ತೆಳು. ಡಬ್ಬಿ ಮೇಲಿನ ವಿಜಿ 46 ಅಂದ್ರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 46 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪ ಅಳೆಯೋ ಮಾನ) ಅಷ್ಟೇ, ದೊಡ್ಡ ನಂಬರ್ ಅಂದ್ರೆ ಒಳ್ಳೇ ಆಯಿಲ್ ಅಂತಲ್ಲ. ಬಾಲ್ ಬೇರಿಂಗ್ ಒಳಗಂತೂ ಈ ಪದರ ಎಷ್ಟೋ ಸಲ ಒಂದು ಮೈಕ್ರಾನ್‌ಗಿಂತ ತೆಳು, ತಲೆಕೂದಲು ಸುಮಾರು 70 ಮೈಕ್ರಾನ್ ಇರತ್ತೆ, ಹಾಗಾಗಿ ಕಣ್ಣಿಗೇ ಕಾಣದ ಧೂಳು ಕೂಡ ಅಲ್ಲಿ ಗುಳಿ ಬೀಳಿಸತ್ತೆ. ನಿಪ್ಪಲ್ (ಗ್ರೀಸ್ ಹಾಕೋ ಬಾಯಿ) ಒರೆಸದೆ ಗ್ರೀಸ್ ಗನ್ ಹಚ್ಚೋರನ್ನ ಕಂಡ್ರೆ ನನಗೆ ಸಿಟ್ಟು ಬರೋದು ಇದಕ್ಕೇ.

ಈಗ ಗ್ರೀಸ್ ವಿಷಯ. ಗ್ರೀಸ್ ಅಂದ್ರೆ ಸೋಪಿನಂಥ ದಪ್ಪ ಪದಾರ್ಥ ಹಿಡಿದಿಟ್ಟಿರೋ ಆಯಿಲ್, ಕೆಲಸ ಮಾಡೋದು ಅದರಿಂದ ಸ್ವಲ್ಪ ಸ್ವಲ್ಪವೇ ಒಸರೋ ಆಯಿಲ್ಲೇ. ಬೇರಿಂಗ್ ತುಂಬಿ ತುಳುಕೋ ಹಾಗೆ ಹಾಕಿದ್ರೆ ಬಾಲುಗಳು ಅದನ್ನ ಕಲಸ್ತಾನೇ ಇರಬೇಕು, ಬಿಸಿ ಏರತ್ತೆ, ಆಯಿಲ್ ಬೇರೆಯಾಗಿ ಹರಿದು ಹೋಗತ್ತೆ, ಉಳಿದಿದ್ದು ಗಟ್ಟಿ ಕಟ್ಟತ್ತೆ, ಸೀಲ್ ಕಿತ್ತು ಮೋಟಾರ್ ವೈಂಡಿಂಗ್ ಮೇಲೂ ಹೋಗತ್ತೆ. ಪ್ರತಿ 10 ಡಿಗ್ರಿ ಬಿಸಿ ಹೆಚ್ಚಾದಾಗ ಆಯಿಲ್ ಹಾಳಾಗೋ ವೇಗ ಸುಮಾರು ಎರಡು ಪಟ್ಟು ಅಂತ ನಾವು ಲೆಕ್ಕ ಹಿಡೀತೀವಿ. ಜೋರಾಗಿ ತಿರುಗೋ ಬೇರಿಂಗಲ್ಲಿ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧ ತುಂಬಿದ್ರೆ ಸಾಕು (ನಿಧಾನ ತಿರುಗೋ, ಧೂಳಲ್ಲಿರೋ ಬೇರಿಂಗ್ ಬೇರೆ, ಅಲ್ಲಿ ಪೂರ್ತಿ ತುಂಬೋದೇ ಸರಿ).

ಓಡ್ತಿರೋ ಬೇರಿಂಗಿಗೆ ಮತ್ತೊಮ್ಮೆ ಗ್ರೀಸ್ ಹಾಕೋವಾಗ ಅದರ ಹೊರ ವ್ಯಾಸ ಮತ್ತು ಅಗಲವನ್ನ ಮಿಲಿಮೀಟರಲ್ಲಿ ಗುಣಿಸಿ 0.005ರಿಂದ ಗುಣಿಸಿ, ಗ್ರಾಮ್ ಸಿಗತ್ತೆ. 6308 ಬೇರಿಂಗ್ ಅಂದ್ರೆ 90 ಮತ್ತು 23, ಬರೋದು ಹತ್ತು ಗ್ರಾಮ್ ಚಿಲ್ಲರೆ ಅಷ್ಟೇ. ನಿಮ್ಮ ಗನ್ ಒಂದು ಸಲ ಒತ್ತಿದ್ರೆ ಎಷ್ಟು ಬಿಡತ್ತೆ ಅಂತ ಒಮ್ಮೆ ತೂಕ ಮಾಡಿ ಇಟ್ಕೊಳ್ಳಿ. ಹಳೇ ಗ್ರೀಸ್ ಹೊರಗೆ ಬಿಡೋ ಡ್ರೈನ್ ಪ್ಲಗ್ ಇದ್ರೆ ಬಿಚ್ಚಿಟ್ಟೇ ಹಾಕಿ. ಬಣ್ಣ ಒಂದೇ ಅಂತ ಬೇರೆ ಗ್ರೀಸ್ ಬೆರೆಸ್ಬೇಡಿ, ಬಣ್ಣ ಹೆಚ್ಚಾಗಿ ಬರೀ ಡೈ, ಲಿಥಿಯಂ ಮತ್ತು ಪಾಲಿಯೂರಿಯಾ ಅನ್ನೋ ಎರಡು ಜಾತಿ ಗ್ರೀಸ್ ಸೇರಿದ್ರೆ ಎಷ್ಟೋ ಸಲ ನೀರಾಗಿ ಹರಿದು ಹೋಗತ್ತೆ.

ಇನ್ನು ಬೇಕಾದಾಗ ಓಡಿಸೋಕೆ ಅಂತ ನಿಂತೇ ಇರೋ ಸ್ಟ್ಯಾಂಡ್‌ಬೈ ಪಂಪ್. ಪಕ್ಕದ ಮೆಷಿನ್ ಅದುರ್ತಾ ಇದ್ರೆ ಇದರ ಬೇರಿಂಗ್ ಬಾಲುಗಳು ಒಂದೇ ಜಾಗದಲ್ಲಿ ನಡುಗಿ ನಡುಗಿ ಪದರ ಹೊರಗೆ ತಳ್ಳಿ ಟ್ರ್ಯಾಕ್ ಮೇಲೆ ಗುಳಿ ಮಾಡ್ತಾವೆ, ಓಡಿಸದೇ ಇರೋ ಬೇರಿಂಗ್ ಸದ್ದು ಮಾಡೋದು ಹೀಗೆ. ಪವರ್ ಪೂರ್ತಿ ಕಟ್ ಮಾಡಿ ವಾರಕ್ಕೊಂದ್ಸಲ ಶಾಫ್ಟನ್ನ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ, ಮೊದ್ಲಿದ್ದ ಜಾಗದಿಂದ ಕಾಲು ಸುತ್ತು ಮುಂದೆ ಬಂದಿರೋ ಹಾಗೆ ನಿಲ್ಲಿಸಿ.